ಮುಂಗುಸಿ ಬಿಡ್ತೀನಿ, ನಿಲ್ರಿ

ಚೀಕಲಪರ್ವಿಯಲ್ಲಿ ಮಾತನ್ನು ಗಿಡ್ಡ ಮಾಡಿ ಹೇಳುವವರು ಸಿಗುವುದಿಲ್ಲ. ಮಾನ್ವಿ ಬಸ್ಸು ಹೋಯಿತೇ ಎಂದು ಯಾರನ್ನಾದರೂ ಕೇಳಿ ನೋಡಿ. ಇವತ್ತಿನ ಡ್ರೈವರ್ ಯಾವ ಊರಿನ ಅಳಿಯ, ಹೋದ ವಾರ ಅದೇ ಬಸ್ಸಿನಲ್ಲಿ ಯಾರ ಕೋಳಿ ಯಾರ ಚೀಲ ಸೇರಿತು, ಆ ಪಂಚಾಯಿತಿ ಎಲ್ಲಿಗೆ ಬಂತು, ಎಲ್ಲ ತಿಳಿಯುತ್ತದೆ. ಅಷ್ಟರಲ್ಲಿ ಬಸ್ಸು ನಿಮ್ಮೆದುರೇ ಧೂಳೆಬ್ಬಿಸಿ ಹೋಗಿರುತ್ತದೆ. ಇಂಥ ಊರಿಗೆ ರಾಯಚೂರಿನಿಂದ ಕ್ಯಾಮೆರಾ ಹೊತ್ತು ಬಂದ ಹುಡುಗನೊಬ್ಬ ನಮ್ಮ ಸೋದರಮಾವನಿಗೆ ಪಾಠ ಹೇಳಿದ: "ರೀಲ್ಸ್ ಜಮಾನಾ ಮುಗೀತ್ರಿ ಸಾವ್ಕಾರ್ರೆ. ಈಗ ಉದ್ದನ್ನ ವೀಡಿಯೊ ಬೇಕು. ಅದರಾಗ ಕತಿ ಇರಬೇಕು."

ಮಾವ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಇದಕ್ಕೂ ರೊಕ್ಕ ತಗೋತೀಯೇನು ತಮ್ಮಾ?"

ಮಾವನದು ಮಾನ್ವಿಯಲ್ಲಿ ಅಕ್ಕಿ ಅಂಗಡಿ, ಚೀಕಲಪರ್ವಿಯಲ್ಲಿ ತುಂಗಭದ್ರೆಯ ದಂಡೆಗೆ ನಾಲ್ಕು ಎಕರೆ ಗದ್ದೆ. ಅವರು ಮಾರುವುದು ಸೋನಾ ಮಸೂರಿ. ಮಾನ್ವಿ, ಸಿಂಧನೂರಿನಲ್ಲಿ ಎಲ್ಲರೂ ಮಾರುವುದು ಅದನ್ನೇ. ಚೀಲದ ಮೇಲಿನ ಚಿತ್ರ ಮಾತ್ರ ಬೇರೆ: ಒಬ್ಬರದು ನವಿಲು, ಒಬ್ಬರದು ಕಮಲ, ಮಾವನದು ಜೋಡಿ ಎತ್ತು. ಹೀಗಾಗಿ ಅಕ್ಕಿಗೊಂದು ಕತೆ ಬೇಕೇ ಬೇಕು ಎಂಬುದು ಹುಡುಗನ ವಾದ. ಅವನ ಬಳಿ ಲೆಕ್ಕವೂ ಇತ್ತು. ಎಷ್ಟು ಜನ ನೋಡಿದರು ಎನ್ನುವುದಕ್ಕಿಂತ ಎಷ್ಟು ಹೊತ್ತು ನೋಡಿದರು ಎನ್ನುವುದಕ್ಕೆ ಯೂಟ್ಯೂಬ್ 2012ರಿಂದಲೇ ಹೆಚ್ಚು ಬೆಲೆ ಕೊಡುತ್ತದೆ. ನಡುವೆ ಜಾಹೀರಾತು ತೂರಿಸಬೇಕಾದರೆ ಮೊದಲು ವೀಡಿಯೊ 10 ನಿಮಿಷ ಇರಬೇಕಿತ್ತು, 2020ರ ಜುಲೈಯಿಂದ 8 ನಿಮಿಷ ಸಾಕಾಯಿತು. ನನಗೆ ಆಗ ಹೊಳೆಯಿತು, ಇಂಟರ್‌ನೆಟ್‌ನಲ್ಲಿ ಒಂದು ಚಿತ್ರಾನ್ನಕ್ಕೆ ಒಗ್ಗರಣೆ ಹಾಕಲು ಎಂಟು ನಿಮಿಷ ಎರಡು ಸೆಕೆಂಡು ಏಕೆ ಹಿಡಿಯುತ್ತದೆ ಎಂದು.

"ಮೊದಲಿನ ಮೂವತ್ತು ಸೆಕೆಂಡಿನ್ಯಾಗ ಮಂದೀನ ಹಿಡೀಬೇಕ್ರಿ. ಮುಂದ ಏನೋ ಆಗತದ ಅನ್ನೋ ಆಸೆ ಹಚ್ಚಬೇಕು, ಆದರ ಲಗೂನ ತೋರಿಸಬಾರದು."

"ಅದು ಮುಂಗುಸಿಯವನ ಆಟ ಬಿಡು," ಎಂದರು ಮಾವ.

ಮಾನ್ವಿ ಸಂತೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಬುಟ್ಟಿಯಲ್ಲಿ ಹಾವು, ಗೂಟಕ್ಕೆ ಕಟ್ಟಿದ ಮುಂಗುಸಿ, ನಡುವೆ ತಲೆಗೆ ರುಮಾಲು ಸುತ್ತಿದ ಮನುಷ್ಯ. "ಈಗ ಬಿಡ್ತೀನಿ, ನಿಲ್ರಿ, ಮಕ್ಕಳು ಹಿಂದ ಸರೀರಿ" ಎನ್ನುತ್ತಲೇ ಅವನು ಹಿಮಾಲಯದ ಸಾಧುವಿನ ಕತೆ ತೆಗೆಯುತ್ತಿದ್ದ. ಸಾಧುವಿನಿಂದ ಬೇರಿಗೆ, ಬೇರಿನಿಂದ ಹಲ್ಲುಪುಡಿಗೆ ಬರುವ ಹೊತ್ತಿಗೆ ನಿಂತವರ ಕಾಲು ಸೋತು, ಕೈ ಜೇಬಿಗೆ ಹೋಗಿರುತ್ತಿತ್ತು. ಮುಂಗುಸಿ ಮಾತ್ರ ಗೂಟ ಬಿಟ್ಟು ಕದಲುತ್ತಿರಲಿಲ್ಲ. ನನ್ನ ತಿಳಿವಳಿಕೆಯಲ್ಲಿ ಆ ಜಗಳವನ್ನು ಕಣ್ಣಾರೆ ಕಂಡವರು ರಾಯಚೂರು ಜಿಲ್ಲೆಯಲ್ಲೇ ಇಲ್ಲ. ಹಲ್ಲುಪುಡಿ ಕೊಂಡವರು ಮನೆಗೊಬ್ಬರಿದ್ದಾರೆ.

ಹುಡುಗ ಹೇಳಿದ ಉಳಿದ ಸೂತ್ರಗಳೆಲ್ಲ ಸತ್ಯನಾರಾಯಣ ಪೂಜೆಗೆ ಕೂತವರಿಗೆ ಗೊತ್ತಿರುವವೇ. ಐದು ಅಧ್ಯಾಯ. ಪ್ರತಿ ಅಧ್ಯಾಯದಲ್ಲೂ ವ್ರತ ಮಾಡಿ ಲಾಭ ಕಂಡ ಗಿರಾಕಿ. ಕತೆಯ ವರ್ತಕನ ಮಗಳು ಕಲಾವತಿ ಪ್ರಸಾದ ತೆಗೆದುಕೊಳ್ಳದೆ ಗಂಡನನ್ನು ನೋಡಲು ಓಡಿದ್ದೇ ತಡ, ಅವನಿದ್ದ ಹಡಗು ಮಂಗಮಾಯ. ಕೊನೆತನಕ ಕೂತಿರದೆ ನಡುವೆ ಎದ್ದು ಹೋಗುವ ಪ್ರೇಕ್ಷಕರಿಗೆ ಇದಕ್ಕಿಂತ ಖಡಕ್ಕಾದ ಎಚ್ಚರಿಕೆಯನ್ನು ಯಾವ ಕಂಪನಿಯೂ ಈತನಕ ಕೊಟ್ಟಿಲ್ಲ. ಕಡೆಗೆ ಫಲಶ್ರುತಿ: ಕೇಳಿದವರಿಗೆ ಇಂಥದ್ದು, ಕೇಳಿಸಿದವರಿಗೆ ಇಂಥದ್ದು. ಈಗಿನವರು ಗಂಟೆ ಒತ್ತಿ ಎನ್ನುತ್ತಾರೆ, ಆಗ ಬಾರಿಸುತ್ತಿದ್ದರು.

ಹುಡುಗನ ಆದರ್ಶ ಯೂಟ್ಯೂಬಿನ ಡಾ. ಬ್ರೋ. ಆ ಹೆಸರಿನ ಗಗನ್ ಶ್ರೀನಿವಾಸ್ "ನಮಸ್ಕಾರ ದೇವ್ರು" ಎನ್ನುತ್ತ ದೇಶದೇಶ ಸುತ್ತಿ ಕನ್ನಡಿಗರಿಗೆ ತೋರಿಸಿದರು, ಆಮೇಲೆ ಗೋ ಪ್ರವಾಸ ಎಂಬ ಟ್ರಾವೆಲ್ ಕಂಪನಿ ತೆಗೆದರು. ನಾನು ಇನ್ನೂ ಹಳೆಯದನ್ನು ನೆನಪಿಸಿದೆ. 1976ರ 'ಮಂಥನ್' ಸಿನಿಮಾಕ್ಕೆ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿದ್ದರು. ಶ್ಯಾಮ್ ಬೆನೆಗಲ್ ನಿರ್ದೇಶನ, ಕತೆಯಲ್ಲಿ ವರ್ಗೀಸ್ ಕುರಿಯನ್ ಅವರ ಪಾಲು, ದನದ ಡಾಕ್ಟರಾಗಿ ನಮ್ಮ ಗಿರೀಶ ಕಾರ್ನಾಡ. ಎರಡು ತಾಸಿಗೂ ಮೇಲ್ಪಟ್ಟ ಆ ಚಿತ್ರದಲ್ಲಿ ಬೆಣ್ಣೆ ಕೊಳ್ಳಿ ಎಂದು ಯಾರೂ ಬೇಡಿಕೊಳ್ಳುವುದಿಲ್ಲ. ರೊಕ್ಕ ಹಾಕಿದ ರೈತರು ಲಾರಿ ತುಂಬಿಕೊಂಡು ಹೋಗಿ ತಮ್ಮ ಸಿನಿಮಾ ನೋಡಿ ಬಂದರು. ಮಾವನಿಗೆ ಈ ಸಂಗತಿ ಬಹಳ ಹಿಡಿಸಿತು. ಗಿರಾಕಿಗಳಿಂದಲೇ ಎರಡೆರಡು ರೂಪಾಯಿ ಎತ್ತಬಹುದು ಎಂಬ ಭಾಗ ಮಾತ್ರ. ಇವೆರಡು ಉದಾಹರಣೆಗಳಲ್ಲೂ ಕತೆ ಮೊದಲೇ ಇತ್ತು, ನಮ್ಮಲ್ಲಿ ಅಂಗಡಿ ತೆರೆದು ಕೂತು ಕತೆಗೆ ಹುಡುಕಾಡುತ್ತಿದ್ದೇವೆ ಎಂದು ನಾನು ಹೇಳಿದ್ದು ಇಬ್ಬರ ಕಿವಿಗೂ ಬೀಳಲಿಲ್ಲ.

ಶೂಟಿಂಗ್ ಗದ್ದೆಯ ಬದುವಿನ ಮೇಲೆ ನಡೆಯಿತು. ಊರು ಎಂದ ಮೇಲೆ ಹರಿದಾಸರಾದ ವಿಜಯದಾಸರು ಬರಬೇಕು. 1682ರಲ್ಲಿ ಅವರು ಹುಟ್ಟಿದ ಊರಿದು, ಕಾರ್ತೀಕ ಶುದ್ಧ ದಶಮಿಯ ಆರಾಧನೆಗೆ ಬೆಂಗಳೂರಿನ ಕಾರುಗಳು ಇಲ್ಲಿಗೂ ಬರುತ್ತವೆ. "ದಾಸರ ಹೆಸರಾಗ ಅಕ್ಕಿ ಮಾರೂದು ಬ್ಯಾಡ" ಎಂದು ಮಾವ ಖಡಾಖಂಡಿತ ಹೇಳಿ, ಮರುಗಳಿಗೆಗೇ ಜಗನ್ನಾಥದಾಸರ ಕತೆ ಶುರುಮಾಡಿದರು. ಮುಂದೆ ಜಗನ್ನಾಥದಾಸರಾದ ಮಾನ್ವಿಯ ಪಂಡಿತ ಶ್ರೀನಿವಾಸಾಚಾರ್ಯರನ್ನು ವಿಜಯದಾಸರು ಊಟಕ್ಕೆ ಕರೆದರು, ಆಚಾರ್ಯರು ಹೊಟ್ಟೆನೋವಿನ ನೆಪ ಹೇಳಿದರು, ನೆಪವೇ ನಿಜವಾಗಿ ಹೊಟ್ಟೆ ಹಿಡಿದುಕೊಂಡಿತು. ಹುಡುಗ ಕುಣಿದಾಡಿಬಿಟ್ಟ. ಊಟ ಬೇಡ ಎಂದವರಿಗೆ ಹೊಟ್ಟೆನೋವು! ಅಕ್ಕಿ ಮಾರುವವನಿಗೆ ಇನ್ನೇನು ಬೇಕು?

"ಮುಂದ ಹೆಂಗ ಗುಣ ಆತ್ರಿ ಸಾವ್ಕಾರ್ರೆ? ಕ್ಯಾಮೆರಾ ನೋಡಿ ಹೇಳ್ರಿ."

"ವಿಜಯದಾಸರ ಶಿಷ್ಯ ಗೋಪಾಲದಾಸರು ಜೋಳದ ರೊಟ್ಟಿ ಕೊಟ್ಟರು. ರೊಟ್ಟಿ ತಿಂದ, ಗುಣ ಆತು."

ಹುಡುಗ ಕ್ಯಾಮೆರಾ ಇಳಿಸಿದ. ರೊಟ್ಟಿಯ ಜಾಗದಲ್ಲಿ ಅನ್ನ ಎನ್ನಲು ಬರುತ್ತದೆಯೇ ಎಂದು ಮೆಲ್ಲಗೆ ಕೇಳಿದ. ಮಾವನ ಮೋರೆ ನೋಡಿ ತಾನೇ ಮಾತು ನುಂಗಿಕೊಂಡ.

ಆಮೇಲೆ ನೀರಿನ ವಿಷಯ. 1953ಕ್ಕೆ ತುಂಗಭದ್ರಾ ಡ್ಯಾಮ್ ಮುಗಿದಲ್ಲಿಂದ ಹೊರಟ ಮಾವ, 2024ರ ಆಗಸ್ಟ್ 10ರ ರಾತ್ರಿಗೆ ಬಂದು ತಲುಪಿದರು. 33 ಗೇಟುಗಳಲ್ಲಿ 19ನೆಯದರ ಚೈನು ಕಿತ್ತು ಗೇಟೇ ಕೊಚ್ಚಿಹೋದ ರಾತ್ರಿ. ದಂಡೆಯ ಮೋಟರ್‌ಗಳನ್ನು ಕತ್ತಲಲ್ಲಿ ಹಗ್ಗ ಕಟ್ಟಿ ಮೇಲಕ್ಕೆಳೆದದ್ದು, ತುಂಬಿದ ಡ್ಯಾಮಿನ ನೀರು ಕಣ್ಣೆದುರೇ ಹರಿದು ಹೋಗುವಾಗ ಎರಡನೇ ಬೆಳೆ ಹೋಯಿತೆಂದು ಮಂದಿ ಬಾಯಿಗೆ ಸೆರಗಿಟ್ಟುಕೊಂಡು ನಿಂತದ್ದು, ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದು ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆಯಾಗಿ ಸ್ಟಾಪ್‌ಲಾಗ್ ಇಳಿಸಿದರೆಂಬ ಸುದ್ದಿ ಕೇಳಿ ಉಸಿರುಬಿಟ್ಟದ್ದು. ಮಾವ ಅಕ್ಕಿಯನ್ನು ಪೂರಾ ಮರೆತಿದ್ದರು. ನನಗೂ ಅದೇ ಚಂದ ಕಂಡಿತು. ನಡುವೆ ಹಿಂದುಗಡೆ ಎಮ್ಮೆಯೊಂದು ಬದುವಿನ ಮೇಲೆ ನಿಂತು ಕ್ಯಾಮೆರಾ ನೋಡಿತು, ಮೆಲುಕು ಹಾಕಿತು, ತನಗೆ ಮನಸ್ಸು ಬಂದಾಗ ಹೋಯಿತು. ಅದನ್ನು ಕತ್ತರಿಸಬೇಕೆಂದು ಹುಡುಗ, ಬೇಡವೆಂದು ಮಾವ. ಎಮ್ಮೆ ಉಳಿಯಿತು.

ವೀಡಿಯೊ ಬಿಟ್ಟ ಮೇಲೆ ಹುಡುಗ ಗ್ರಾಫ್ ತೋರಿಸಿದ. ಗೇಟು ಕೊಚ್ಚಿಹೋಗುವಲ್ಲಿ ಗೆರೆ ನೆಟ್ಟಗೆ, ಅಕ್ಕಿಚೀಲ ಕಾಣಿಸಿದಲ್ಲೆಲ್ಲ ತಗ್ಗು. ಮಾವ "ಸೋನಾ ಮಸೂರಿ" ಎಂದು ಬಾಯಿ ತೆರೆಯುವ ಮುನ್ನ ನಡುವೆ ಜಾಹೀರಾತು ಬೇರೆ ಬಂತು, ಇನ್ನಾರದೋ ಬಾಸುಮತಿಯದು. ಅತ್ತೆ ಅದನ್ನೇ ಮೆಚ್ಚಿ, ಒಂದು ಕಿಲೋ ತರಿಸಿ ನೋಡೋಣ ಎಂದರು. ಕೆಳಗಿನ ಪ್ರಶ್ನೆಗಳಲ್ಲಿ ಅಕ್ಕಿಯ ದರ ಕೇಳಿದವರು ತೀರ ಕಡಿಮೆ. ಪುಣೆಯಲ್ಲಿರುವ ನಮ್ಮ ಕಡೆಯವರೊಬ್ಬರು ಎರಡನೇ ಭಾಗ ಯಾವಾಗ ಎಂದು ಕೇಳಿದ್ದರು. ದೇವದುರ್ಗದವರೊಬ್ಬರು, ಜೋಳ ಇದೆಯೇ ಎಂದು.

ವ್ಯಾಪಾರ ಆಗಲೇ ಇಲ್ಲ ಎನ್ನುವಂತಿಲ್ಲ. ಸಿರವಾರದಿಂದ ಇಬ್ಬರು ಮೊಬೈಲಿನಲ್ಲಿ ವೀಡಿಯೊ ನಿಲ್ಲಿಸಿ ಹಿಡಿದುಕೊಂಡೇ ಬಂದರು. ಮಾವ ಚಾ ತರಿಸಿ, ತಕ್ಕಡಿ ಒರೆಸಿ, ಹೊಸ ಚೀಲ ಬಿಚ್ಚಿಸಿದರು. ಬಂದವರು ಚಾ ಕುಡಿದು ಎಮ್ಮೆ ಯಾರದೆಂದು ಕೇಳಿದರು. ಎಮ್ಮೆ ಪಕ್ಕದ ಗದ್ದೆಯವನದು. ಸಂಜೆಯೊಳಗೆ ವ್ಯವಹಾರ ಕುದುರಿ, ಅವನು ಕೇಳಿದ್ದಕ್ಕೆ ಹೋಯಿತು. ಮರುದಿನ ಅವನೇ ಪೇಡೆ ಹಿಡಿದು ಮಾವನ ಅಂಗಡಿಗೆ ಬಂದ.

"ಅಣ್ಣಾರ, ಮುಂದಿನ ಶೂಟಿಂಗ್ ಯಾವಾಗ್ರಿ? ಒಂದು ಜೋಡಿ ಎತ್ತು ಅದಾವ. ನೀವು ಗೇಟಿನ ಕತಿ ಹೇಳೂ ಮುಂದ ಹಿಂದಿನಿಂದ ಸಾವಕಾಶ ದಾಟಿಸ್ತೀನಿ. ಅಕ್ಕಿ ಬಂದಾಗ ಬ್ಯಾಡ."