ಚಮಚ ಗಂಡು, ಫೋರ್ಕು ಹೆಣ್ಣು

ನಮ್ಮ ಹಳಿಯಾಳದವರಿಗೆ ಭಾಷೆಯ ಜಂಬ ಕೊಂಚ ಜಾಸ್ತಿ. ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಜೋಯಿಡಾದ ನೆಂಟರೊಡನೆ ಕೊಂಕಣಿ, ದಾಂಡೇಲಿ ಬಸ್ಸಿನಲ್ಲಿ ಸೀಟಿನ ಜಗಳಕ್ಕೆ ಹಿಂದಿ. ಮುಂಡಗೋಡಿನ ಟಿಬೆಟನ್ ಕಾಲೊನಿಗೆ ಮೊಮೊ ತಿನ್ನಲು ಹೋದರೆ ಚಿಲ್ಲರೆಯ ಲೆಕ್ಕ ಕನ್ನಡದಲ್ಲೇ. ಇಷ್ಟೆಲ್ಲ ಬಂದವನಿಗೆ ಜರ್ಮನ್ ಯಾವ ಮಹಾ ಎಂದುಕೊಂಡು ಓದಲು ಟ್ಯೂಬಿಂಗನ್‌ಗೆ ಹೋದೆ.

ಉಳಿದುಕೊಂಡ ಮನೆಯ ಅಜ್ಜಿ ಮೊದಲ ರಾತ್ರಿ ಊಟಕ್ಕೆ ಕೂತಾಗಲೇ ಪಾಠ ಶುರುಮಾಡಿದರು. ಚಮಚ ಗಂಡು, 'ಡೇರ್ ಲ್ಯೋಫೆಲ್'. ಫೋರ್ಕು ಹೆಣ್ಣು, 'ಡೀ ಗಾಬೆಲ್'. ಚಾಕು ಎರಡೂ ಅಲ್ಲ, 'ದಾಸ್ ಮೆಸ್ಸರ್'. ಹೋಗಲಿ ಎಂದರೆ ಹುಡುಗಿಯೂ ನಪುಂಸಕ ಲಿಂಗವಂತೆ! ನಗಲು ಹೊರಟವನು ಬಾಯಿ ಮುಚ್ಚಿದೆ. ನಮ್ಮ ಕಡೆಯೂ 'ಹುಡುಗಿ ಸಾಲಿಗೆ ಹೋತು' ಅನ್ನುತ್ತೇವಲ್ಲ.

ಡಿಸೆಂಬರಿನಲ್ಲಿ ನಡುಗುತ್ತ 'ಇಷ್ ಬಿನ್ ಕಾಲ್ಟ್' ಎಂದೆ. ಇಂಗ್ಲಿಷಿನ ಕಾಲುದಾರಿಯಲ್ಲಿ ಹೋದದ್ದರ ಫಲ: ನಾನೇ ತಣ್ಣಗಿನ ಮನುಷ್ಯ ಎಂದಂತಾಯಿತು. 'ಮಿರ್ ಇಸ್ಟ್ ಕಾಲ್ಟ್' ಎಂದು ಅಜ್ಜಿ ತಿದ್ದಿದರು. ಅರೆ, ಇದು ನಮ್ಮ 'ನನಗೆ ಚಳಿ'! ಅಪ್ಪಟ ಚತುರ್ಥಿ ವಿಭಕ್ತಿ. ಕನ್ನಡ ಬಿಟ್ಟು ಇಂಗ್ಲಿಷ್ ಮೂಲಕ ಜರ್ಮನ್ ಕಲಿಯುವುದೆಂದರೆ ದಾಂಡೇಲಿಯಿಂದ ಹಳಿಯಾಳಕ್ಕೆ ಕಾರವಾರದ ಮೇಲೆ ಹೋದ ಹಾಗೆ.

1894ರಲ್ಲಿ ನಮಗೆ ನಿಘಂಟು ಕೊಟ್ಟ ಕಿಟೆಲ್ ಸಾಹೇಬರು 1903ರಲ್ಲಿ ತೀರಿಕೊಂಡದ್ದು ಇದೇ ಊರಲ್ಲಿ ಎಂದು ಅಜ್ಜಿಗೆ ಹೇಳಿದೆ. ಅವರಿಗೂ ಹುರುಪು ಬಂತು, ಕನ್ನಡ ಕಲಿಸು ಎಂದರು. ಮೂರು ತಿಂಗಳಾಯಿತು, ಳಕಾರ ಮಾತ್ರ ನಾಲಿಗೆ ಏರಿಲ್ಲ. ನಾನಿನ್ನೂ 'ಹಲಿಯಾಲ'ದವನೇ.