ನಡುವೆ ಸುಂಟರಗಾಳಿ, ಅಂಚಿಗೆ ನಿದ್ದೆ

ಲೋಟದಲ್ಲಿ ಚಮಚ ಆಡಿಸಿದರೆ ನೀರೆಲ್ಲ ತಿರುಗುತ್ತದೆ. ಬಕೆಟ್ಟಿನ ಡಿಸ್ಟೆಂಪರೂ ಹಾಗೇ ತಿರುಗುತ್ತದೆಂದು ನಂಬಿ ಅದರ ಮುಂದೆ ಕುಕ್ಕರುಗಾಲಲ್ಲಿ ಕೂರುವ ಮಹಾನುಭಾವರಲ್ಲಿ ನಾನೂ ಒಬ್ಬ.

ಹಬ್ಬಕ್ಕೆ ಮೊದಲು ಹಜಾರಕ್ಕೆ ಬಣ್ಣ ಹೊಡೆಸಬೇಕು ಅಂದಳು ಹೆಂಡತಿ. "ಹೊಡೆಸೋದ್ಯಾಕೆ? ನಾನೇ ಹೊಡೀತೀನಿ" ಅಂದೆ. ದಪ್ಪನೆಯ ಬಿಳಿ ಡಿಸ್ಟೆಂಪರಿಗೆ ನೀಲಿ ಸ್ಟೇನರ್ ಸುರಿದೆ. ಕೋಲಿನಿಂದ ಕಲಸುವುದು ಹಳೇ ಕಾಲದವರ ಪದ್ಧತಿ ಎಂದುಕೊಂಡು, ಡ್ರಿಲ್ಲಿಂಗ್ ಮೆಷೀನಿಗೆ ಕಲಸುವ ಸರಳು ಸಿಕ್ಕಿಸಿ, ಬಕೆಟ್ಟಿನ ನಟ್ಟನಡುವೆ ಇಳಿಸಿ ಗುಂಡಿ ಒತ್ತಿದೆ. ಅಬ್ಬಾ, ಏನು ಸುಳಿ! ಮೊದಲ ಹನಿ ಕನ್ನಡಕಕ್ಕೆ, ಎರಡನೆಯದು ಹಣೆಗೆ. ಆದರೆ ಸರಳಿನಿಂದ ನಾಲ್ಕು ಬೆರಳಿನಾಚೆ ಡಿಸ್ಟೆಂಪರ್ ಮಿಸುಕಾಡಲೇ ಇಲ್ಲ. ವೇಗ ಹೆಚ್ಚಿಸಿದೆ. ನಡುವಿನದು ಹುಚ್ಚೆದ್ದು ಕುಣಿಯಿತು. ಅಂಚಿನದು ಗೊರಕೆ ಹೊಡೆಯಿತು.

ಕಲಸಿದ್ದು ಸಾಕೆಂದು ಬ್ರಶ್ ಅದ್ದಿದೆ. ಬಾಗಿಲ ಪಕ್ಕದ ಪಟ್ಟಿ ಶಾಯಿ ನೀಲಿ, ಮುಂದಿನದು ತಿಳಿ ನೀಲಿ, ಕಿಟಕಿ ಹತ್ತಿರ ಬರುವಷ್ಟರಲ್ಲಿ ಬರೀ ಬಿಳಿ.

"ರೀ, ಇದು ಗೋಡೆಯೋ, ನಿಮ್ಮ ಪಟ್ಟಾಪಟ್ಟಿ ಚಡ್ಡಿಯೋ?"

ಮಾನ ಉಳಿಸಿಕೊಳ್ಳಲು ವಿಜ್ಞಾನದ ಕಾಲಿಗೆ ಬಿದ್ದೆ. "ನೋಡು, ಬಣ್ಣ ನೀರಿನಂಥ ದ್ರವ ಅಲ್ಲ. ಅಮೆರಿಕದ ಬಿಂಗ್‌ಹ್ಯಾಮ್ ಮತ್ತು ಗ್ರೀನ್ 1919ರಲ್ಲೇ ಬರೆದಿಟ್ಟಿದ್ದಾರೆ. ಒಂದು ಮಿತಿಯವರೆಗೆ ತಳ್ಳಿದರೂ ಅದು ಜಗ್ಗಲ್ಲ, ದಾಟಿದರೆ ಮಾತ್ರ ಹರಿಯತ್ತೆ. ಆ ಮಿತಿಗೆ ಯೀಲ್ಡ್ ಸ್ಟ್ರೆಸ್ ಅಂತಾರೆ. ಗೋಡೆಗೆ ಬಳಿದ ಬಣ್ಣ ಕೆಳಗೆ ಸೋರದೆ ನಿಲ್ಲೋದೂ ಅದರಿಂದಲೇ. ಸರಳಿನ ಪಕ್ಕದಲ್ಲಿ ಒತ್ತಡ ಜಾಸ್ತಿ, ದೂರ ಹೋದಷ್ಟೂ ಕಮ್ಮಿ. ಎಲ್ಲಿ ಮಿತಿಗಿಂತ ಕೆಳಗಿಳಿಯಿತೋ ಅಲ್ಲಿಗೆ ಹರಿವು ಮುಗೀತು. ತಿರುಗಿದ್ದು ತಿರುಗಿ ತಿರುಗಿ ಇನ್ನಷ್ಟು ತೆಳುವಾಗತ್ತೆ, ಮೆಷೀನಿನ ಜೋರೆಲ್ಲ ಅಲ್ಲೇ ಪೋಲು."

"1919ರಿಂದ ಊರಿಗೆಲ್ಲ ಗೊತ್ತಿರೋದು ನಿಮಗೆ ಬೆಳಗ್ಗೆ ಯಾಕೆ ಗೊತ್ತಾಗಲಿಲ್ಲ?"

ಕೊನೆಯ ಅಸ್ತ್ರ ಬಿಟ್ಟೆ. "ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಅಜಯ್ ಸೂದ್ ಅವರ ತಂಡ ಸೋಪಿನ ಜಾತಿಯ ದ್ರಾವಣವನ್ನು ಒಂದೇ ವೇಗದಲ್ಲಿ ತಿರುಗಿಸಿದರೂ, ಒತ್ತಡ ಅಡ್ಡಾದಿಡ್ಡಿ ಏರಿಳಿದದ್ದನ್ನು 2000ದಲ್ಲಿ ಪ್ರಕಟಿಸಿದೆ. ಅಂಥವರ ಕೈಲೇ ದ್ರವ ಹೀಗಾಡಿದರೆ ನಾನ್ಯಾವ ಲೆಕ್ಕ?"

"ಅವರು ಅದನ್ನ ಮನೆ ಗೋಡೆಗೆ ಬಳೀಲಿಲ್ಲವಲ್ಲ!"

ಪೇಂಟರ್ ಮೇಸ್ತ್ರಿ ಬಂದ. ಗೋಡೆ ನೋಡಿದ, ನನ್ನ ಹಣೆ ನೋಡಿದ, ದೊಡ್ಡವರೆಂಬ ಮರ್ಯಾದೆಗೆ ಆಚೆ ಹೋಗಿ ನಕ್ಕು ಬಂದ. ಒಂದು ಮರದ ರೀಪು ತಗೊಂಡು ಬಕೆಟ್ಟಿನ ಅಂಚು, ತಳ ಎಲ್ಲ ಕೆರೆದ. ಸ್ವಲ್ಪ ಸ್ವಲ್ಪವೇ ನೀರು ಹಾಕಿ, ಈ ಬಕೆಟ್ಟಿನಿಂದ ಆ ಬಕೆಟ್ಟಿಗೆ ಸುರುವಿದ. "ಅಂಚಲ್ಲಿರೋ ಬಣ್ಣ ತಾನಾಗೇ ಬರಲ್ಲ ಸಾರ್, ನಾವೇ ಹೋಗಿ ಕರ್ಕೊಂಡ್ ಬರ್ಬೇಕು" ಅಂದ. ಬಿಂಗ್‌ಹ್ಯಾಮ್ ಹೆಸರು ಅವನು ಕೇಳಿರಲಿಲ್ಲ. ಕೇಳಬೇಕಾದ ಅಗತ್ಯವೂ ಕಾಣಲಿಲ್ಲ. ನನ್ನ ಪಟ್ಟೆಗಳನ್ನು ಮುಚ್ಚಲು ಒಂದು ಕೋಟ್ ಹೆಚ್ಚಿಗೆ ಬೇಕಾಯಿತು, ಅದರ ಕೂಲಿಯೂ ಬೇರೆ.

ಆದ್ದರಿಂದ ಓದುಗರೇ, ಬಣ್ಣ ಕಲಸುವಾಗ ಕೋಲನ್ನು ನಡುವೆ ನಿಲ್ಲಿಸಬೇಡಿ. ಅಂಚಿಗೂ ತಳಕ್ಕೂ ಕಳಿಸಿ. ಅಷ್ಟು ಪುರುಸೊತ್ತಿಲ್ಲದಿದ್ದರೆ ಚೌಕಾಸಿ ಬಿಟ್ಟು ಮೇಸ್ತ್ರಿಯನ್ನೇ ಕರೆಯಿರಿ.