ಮೀಸೆ ಮಣ್ಣಾಗದ ಸೂಪರ್‌ಮ್ಯಾನ್

ಕುರ್ಚಿಯಲ್ಲಿ ಕೂತ ಚೇತನ್ ಕತ್ತಿಗೆ ಬಟ್ಟೆ ಸುತ್ತಿಸಿಕೊಂಡೇ ಶುರುವಿಟ್ಟ. "2013ರ ಸಿನಿಮಾದಲ್ಲಿ ಸೂಪರ್‌ಮ್ಯಾನ್‌ನ ಕೆಂಪು ಚಡ್ಡಿ ತೆಗೆದುಬಿಟ್ಟಿದ್ರು, ನಂಜಣ್ಣ. 2025ರಲ್ಲಿ ವಾಪಸ್ ಬಂತು. ಹೋದ ಜೀವ ಬಂದಂಗಾಯ್ತು!"

"12 ವರ್ಷ ಇಸ್ತ್ರಿಗೆ ಹೋಗಿತ್ತಾ ಸಾರ್?"

"ತಮಾಷೆಯಲ್ಲ. 'ಜಸ್ಟಿಸ್ ಲೀಗ್' ಮರುಚಿತ್ರೀಕರಣದ ಹೊತ್ತಿಗೆ ಸೂಪರ್‌ಮ್ಯಾನ್ ಪಾತ್ರದ ಹೆನ್ರಿ ಕ್ಯಾವಿಲ್ 'ಮಿಷನ್ ಇಂಪಾಸಿಬಲ್'ಗೆ ಮೀಸೆ ಬಿಟ್ಟಿದ್ದ. ಬೋಳಿಸೋ ಹಾಗಿಲ್ಲ ಅಂದ್ರು. ಕಂಪ್ಯೂಟರಲ್ಲೇ ತೆಗೆದ್ರು. ಮೇಲ್ದುಟಿ ಜೇನು ಕಚ್ಚಿದಂಗಿತ್ತು."

ನಂಜಣ್ಣ ಬ್ಲೇಡು ಕೆಳಗಿಟ್ಟ. "ಅಯ್ಯೋ, ನಾನಾಗಿದ್ರೆ 40 ರೂಪಾಯಿ."

(ಸಿನಿಮಾ ಮಕಾಡೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ, ಆ ಮಾತು ಬೇರೆ.)

"ನಾವು ಅಭಿಮಾನಿಗಳು ಸುಮ್ನಿರ್ತೀವಾ? ಹಟ ಹಿಡಿದ್ವಿ. 2021ರಲ್ಲಿ ಅದೇ ಸಿನಿಮಾದ ನಿರ್ದೇಶಕ ಸ್ನೈಡರ್ ಆವೃತ್ತಿ ಬಂತು. 4 ಗಂಟೆ! ಇನ್ನು ಮುಂದಿನ ಸಿನಿಮಾದಲ್ಲಿ ಏನು ಕತ್ತರಿಸ್ತಾರೋ ಅಂತ ನಿದ್ದೆಯಿಲ್ಲ."

"4 ಗಂಟೇಲಿ ಮೀಸೆ ಮತ್ತೆ ಚಿಗುರಿರುತ್ತೆ ಬಿಡಿ. ತಲೆ ಬಗ್ಗಿಸಿ ಸಾರ್, ಕಿವಿ ಕತ್ತರಿಸೀತು."